ಕನ್ನಂಬಾಡಿಯ ಪಾಳೆಯವೂ ಈಗಿನ ವ್ಯಾಪಾರ ಸಾಧನಗಳೂ

೧

ಚರಿತ್ರೆಯಲ್ಲಿ ‘ಹೀಗಾಗಿದ್ದರೆ ಏನಾಗುತ್ತಿತ್ತು?’ ಎಂಬ ಪ್ರಶ್ನೆಗೆ ಎಡೆಯಿಲ್ಲವೆಂದು ಹೇಳುವವರು ಬಹು ಮಂದಿ. ನಡೆದುದು ನಡೆದುಹೋಯಿತು, ನಡೆಯದುದನ್ನು ಊಹಿಸುವುದು ಕವಿಯ ಕೆಲಸವೇ ಹೊರತು ಚರಿತ್ರಕಾರನದಲ್ಲವೆಂಬುದು ಅವರ ಅಭಿಪ್ರಾಯ. ಆದರೆ ನಮ್ಮ ನೈಯಾಯಿಕರು ತರ್ಕವೆಂಬುದಕ್ಕೆ ಹೇಳಿರುವ ಲಕ್ಷಣವನ್ನು ನೆನೆದರೆ ಈ ಪ್ರಶ್ನೆಯು ಅಷ್ಟು ನಿರರ್ಥಕವಾದುದಲ್ಲವೆಂದು ತೋರುತ್ತದೆ. ಬೆಟ್ಟದಲ್ಲಿ ಬೆಂಕಿಯಿಲ್ಲದೆ ಇದ್ದಿದ್ದರೆ ಹೊಗೆಯೂ ಇರುತ್ತಿರಲಿಲ್ಲವೆಂದು ಆರೋಪಿಸಿ ನೋಡುವುದೇ ತರ್ಕ. ಅದು ತಾನೇ ಪ್ರಮಾಣವಲ್ಲ, ಪ್ರಮಾಣಕ್ಕೆ ಸಹಾಯಕವಾದುದು. ಇಲ್ಲದುದನ್ನು ಇದ್ದಂತೆ ಭಾವಿಸಿ ನೋಡಿದಾಗ, ಇದ್ದುದರ ಕಾರಣವು ಎಷ್ಟೋ ವೇಳೆ ನಿಚ್ಚಳವಾಗುತ್ತದೆ. ಈ ಲೇಖನದಲ್ಲಿ ಅಂತಹ ಒಂದು ತರ್ಕವನ್ನು ವಾಚಕರ ಮುಂದಿಡಲು ಯತ್ನಿಸಿದೆ.

ಇಂದಿನ ವ್ಯಾಪಾರಸ್ಥರ ಕೈಗೆ ಬಂದಿರುವ ಸಾಧನಗಳು ಆಶ್ಚರ್ಯಕರವಾದುವು. ಅಂಗಡಿಯವನು ಸಾಬೂನಿನ ಕಟ್ಟಿನ ಮೇಲಿರುವ ಕಪ್ಪುಗೆರೆಗಳನ್ನು ಯಂತ್ರದ ಕಣ್ಣಿಗೆ ತೋರಿಸಿದೊಡನೆ ಬೆಲೆ ತಾನಾಗಿ ಬೀಳುತ್ತದೆ. ಅದೇ ಕ್ಷಣದಲ್ಲಿ ದಾಸ್ತಾನಿನ ಲೆಕ್ಕದಿಂದ ಒಂದು ಕಟ್ಟು ಕಡಮೆಯಾಗುತ್ತದೆ. ಸರಕು ತುಂಬಿದ ಲಾರಿಯು ಯಾವ ಊರಿನ ಯಾವ ತಿರುವಿನಲ್ಲಿದೆ ಎಂಬುದನ್ನು ಉಪಗ್ರಹದ ಸಹಾಯದಿಂದ ಮಾಲಿಕನು ಗದ್ದಿಗೆಯ ಮೇಲೆ ಕುಳಿತೇ ನೋಡುತ್ತಾನೆ. ದೂರದ ಮಂಡಿಯ ಧಾರಣೆಯು ಮೊಬೈಲಿನಲ್ಲಿ ರೈತನ ಹೊಲಕ್ಕೆ ಬರುತ್ತದೆ. ಯಾವ ಸರಕು ಯಾವ ತಿಂಗಳಲ್ಲಿ ಎಷ್ಟು ಬೇಕಾದೀತೆಂಬುದನ್ನು ಗಣಕಯಂತ್ರವು ಮೊದಲೇ ಅಂದಾಜು ಮಾಡಿ ಹೇಳುತ್ತದೆ. ಲೆಕ್ಕ, ದಾರಿ, ವಾರ್ತೆ ಎಂಬ ಈ ಮೂರರಲ್ಲಿ ಇಷ್ಟು ಸೌಕರ್ಯವು ಹಿಂದಿನ ಯಾವ ಚಕ್ರವರ್ತಿಗೂ ಇರಲಿಲ್ಲ.

ಹೀಗಿರಲಾಗಿ, ಹಿಂದಿನ ಕಾಲದ ಸೇನಾಪತಿಗಳಿಗೆ ಈ ಸಾಧನಗಳು ದೊರಕಿದ್ದರೆ ಅವರ ಕಷ್ಟಗಳು ಪರಿಹಾರವಾಗುತ್ತಿದ್ದುವೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಉತ್ತರ ಹೇಳುವುದಕ್ಕಿಂತ ಒಂದು ನಿಶ್ಚಿತವಾದ ಸಂದರ್ಭವನ್ನು ತೆಗೆದುಕೊಂಡು ಪರೀಕ್ಷಿಸುವುದು ಮೇಲು. ಇದಕ್ಕೆ ನಮ್ಮ ನೆಲದಲ್ಲಿಯೇ ನಡೆದ ಒಂದು ಪ್ರಸಂಗವಿದೆ. ೧೭೯೧ನೆಯ ಇಸವಿಯ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಪ್ರಭುವು ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದು, ಯುದ್ಧದಲ್ಲಿ ಗೆದ್ದೂ, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ ಕಥೆಯೇ ಆ ಪ್ರಸಂಗ.

೨

ಮೂರನೆಯ ಮೈಸೂರು ಯುದ್ಧವು ೧೭೯೦ರಲ್ಲಿ ಮೊದಲಾಯಿತು. ಇಂಗ್ಲಿಷರು, ಮರಾಠರು, ಹೈದರಾಬಾದಿನ ನಿಜಾಮ, ಈ ಮೂವರು ಒಟ್ಟುಗೂಡಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿದರು. ಮೊದಲ ವರ್ಷದ ಕಾರ್ಯಾಚರಣೆಯು ಇಂಗ್ಲಿಷರಿಗೆ ಫಲಕಾರಿಯಾಗಲಿಲ್ಲ. ಆಗ ಗವರ್ನರ್ ಜನರಲನಾದ ಕಾರ್ನ್‌ವಾಲಿಸನು ತಾನೇ ಸೇನಾಧಿಪತ್ಯವನ್ನು ವಹಿಸಿಕೊಂಡು, ೧೭೯೧ರ ಮೊದಲಲ್ಲಿ ಮದರಾಸಿನ ಕಡೆಯಿಂದ ಹೊರಟು ಘಟ್ಟವನ್ನು ಹತ್ತಿ, ಮಾರ್ಚಿ ೭ರಂದು ಬೆಂಗಳೂರಿನ ಪೇಟೆಯನ್ನೂ ಅದೇ ತಿಂಗಳ ೨೧ರ ರಾತ್ರಿ ಕೋಟೆಯನ್ನೂ ಹಿಡಿದನು. ಬೆಂಗಳೂರಿನಿಂದ ಶ್ರೀರಂಗಪಟ್ಟಣವು ಸುಮಾರು ೭೫ ಮೈಲಿ. ಇಷ್ಟು ಹತ್ತಿರಕ್ಕೆ ಬಂದಮೇಲೆ ಯುದ್ಧವು ಮಳೆಗಾಲಕ್ಕೆ ಮೊದಲೇ ಮುಗಿದೀತೆಂದು ಅವನು ನಂಬಿದುದು ಅಸಹಜವಲ್ಲ.

ಆದರೆ ಮೊದಲು ಅವನು ಉತ್ತರಕ್ಕೆ ಹೋಗಿ ನಿಜಾಮನ ಕುದುರೆ ಸೈನ್ಯವನ್ನು ಸೇರಿಸಿಕೊಳ್ಳಬೇಕಾಯಿತು. ಹತ್ತು ಸಾವಿರದಷ್ಟು ರಾವುತರು ಬಂದು ಕೂಡಿದರು. ಇವರಿಂದ ಆದ ಉಪಕಾರಕ್ಕಿಂತ ಇವರ ಕುದುರೆಗಳು ತಿಂದ ಮೇವೇ ಹೆಚ್ಚು ಎಂದು ಅಂದಿನ ಇಂಗ್ಲಿಷ್ ಬರಹಗಾರರು ಕಟುವಾಗಿ ಬರೆದಿದ್ದಾರೆ. ಮೇ ತಿಂಗಳ ಮೊದಲ ವಾರದಲ್ಲಿ ಸೈನ್ಯವು ಬೆಂಗಳೂರನ್ನು ಬಿಟ್ಟು ಹೊರಟಿತು. ಚನ್ನಪಟ್ಟಣದ ಹೆದ್ದಾರಿಯಲ್ಲಿ ಮೈಸೂರಿನವರು ಹುಲ್ಲು, ಧಾನ್ಯ, ಹಳ್ಳಿ ಒಂದನ್ನೂ ಉಳಿಸದೆ ಸುಟ್ಟಿದ್ದುದರಿಂದ ಕಾರ್ನ್‌ವಾಲಿಸನು ತೆಂಕಣ ದಾರಿಯನ್ನು ಹಿಡಿದು ಕಾನಕಾನಹಳ್ಳಿ, ಎಂದರೆ ಈಗಿನ ಕನಕಪುರದ ಮೇಲೆ ನಡೆದನು. ಆ ದಾರಿಯಲ್ಲಿಯೂ ಸುಲ್ತಾನನ ಕುದುರೆಗಳು ಮುಂದೆ ಮುಂದೆ ಹೋಗಿ ಊರುಗಳನ್ನು ಬರಿದುಮಾಡಿದುವು. ಮೇ ೧೩ರಂದು ಸೈನ್ಯವು ಕಾವೇರಿಯ ದಡದ ಅರಕೆರೆಯನ್ನು ಮುಟ್ಟಿತು. ೧೫ರಂದು ಕರಿಘಟ್ಟದ ಸಮೀಪದಲ್ಲಿ ದೊಡ್ಡ ಕಾಳಗವಾಗಿ ಟಿಪ್ಪುವಿನ ಸೈನ್ಯವು ದ್ವೀಪದ ಆಶ್ರಯಕ್ಕೆ ಸರಿಯಿತು.

ಕಾಳಗವನ್ನು ಗೆದ್ದವನು ಕೋಟೆಯನ್ನು ಮುತ್ತಬೇಕಾಗಿತ್ತು. ಆದರೆ ಅರಕೆರೆಯ ಬಳಿ ಹೊಳೆಯನ್ನು ದಾಟುವುದು ಸಾಧ್ಯವಾಗಲಿಲ್ಲ. ಮಲೆಯಾಳದಿಂದ ಕೊಡಗಿನ ಮೂಲಕ ಬಂದು ಪಿರಿಯಾಪಟ್ಟಣದಲ್ಲಿ ನಿಂತಿದ್ದ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯವನ್ನು ಕೂಡಿಕೊಳ್ಳುವುದಕ್ಕಾಗಿ ಪಡುವಣಕ್ಕೆ ಸುತ್ತಿ ಕನ್ನಂಬಾಡಿಯ ಹಾಯಗಡವಿಗೆ ಹೋಗುವುದೇ ಉಳಿದ ದಾರಿ. ಅಷ್ಟರಲ್ಲಿ ಎತ್ತುಗಳು ನೂರಾರು ಸಂಖ್ಯೆಯಲ್ಲಿ ಬಿದ್ದು ಸಾಯತೊಡಗಿದ್ದುವು. ಮುತ್ತಿಗೆಯ ದೊಡ್ಡ ತೋಪುಗಳಿಗೆ ಸಿಪಾಯಿಗಳೇ ಹೆಗಲು ಕೊಟ್ಟು ಎಳೆದರು. ಮಳೆ ಹಿಡಿಯಿತು, ಪಾಳೆಯದಲ್ಲಿ ಸಿಡುಬು ಹಬ್ಬಿತು, ಅಕ್ಕಿಯ ಪಡಿಯನ್ನು ಇಳಿಸಬೇಕಾಯಿತು. ಮುಂದಕ್ಕೆ ಒಂದು ಹೆಜ್ಜೆಯಿಡುವುದೂ ಅಸಾಧ್ಯವೆಂದು ಕಂಡಾಗ ಅಬರ್‌ಕ್ರಾಂಬಿಗೆ ಹಿಂದಿರುಗಬೇಕೆಂದು ಅಪ್ಪಣೆ ಹೋಯಿತು. ಮೇ ೨೨ರಂದು ಕಾರ್ನ್‌ವಾಲಿಸನು ಕೋಟೆಯನ್ನು ಒಡೆಯುವುದಕ್ಕೆಂದು ಮದರಾಸಿನಿಂದ ಎಳೆಸಿ ತಂದಿದ್ದ ತೋಪುಗಳನ್ನು ಸಿಡಿಸಿ ನಾಶಮಾಡಿಸಿದನು. ೨೬ರಂದು ಪಾಳೆಯ ಎದ್ದಿತು.

ಆ ಪಾಳೆಯದಲ್ಲಿ ಸೈನ್ಯವು ಇದ್ದುದು ಕೆಲವೇ ದಿನ. ಆದರೂ ಕೆಲವು ಮೈಲಿಗಳ ಸುತ್ತಳತೆಯ ನೆಲವೆಲ್ಲ ಎತ್ತು ಕುದುರೆಗಳ ಹೆಣಗಳಿಂದ ಮುಚ್ಚಿಹೋಗಿತ್ತೆಂದೂ, ತೋಪಿನ ಬಂಡಿಗಳು ಉರಿಯುತ್ತಿರುವುದನ್ನು ನೋಡುತ್ತ ದಂಡು ಆ ಮಾರಿಪಾಳೆಯವನ್ನು ಬಿಟ್ಟು ಹೊರಟಿತೆಂದೂ ಆಗ ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಹಳೆಯ ಕನ್ನಂಬಾಡಿಯು ಈಗ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದೆ. ಬೃಂದಾವನದ ದೀಪಗಳನ್ನು ನೋಡಲು ಹೋಗುವವರಲ್ಲಿ ಆ ಸೀಮೆಯ ಇಂತಹ ನೆನಪನ್ನು ಬಲ್ಲವರು ವಿರಳ.

ಈ ಕಥೆಯ ಅತಿ ಶೋಚನೀಯವಾದ ಭಾಗವು ಇನ್ನು ಮುಂದಿದೆ. ಹಿಂದಿರುಗುವ ದಾರಿಯಲ್ಲಿ, ಮೇಲುಕೋಟೆಯ ದಿಕ್ಕಿನಿಂದ ಒಂದು ಕುದುರೆ ದಂಡು ಕಾಣಿಸಿಕೊಂಡಿತು. ಸುಲ್ತಾನನ ರಾವುತರೆಂದು ಬಗೆದು ಇಂಗ್ಲಿಷರು ಗುಂಡು ಹಾರಿಸುವುದಕ್ಕೆ ಅಣಿಯಾದರು. ಬಂದವರು ಮರಾಠರು! ಪರಶುರಾಮ ಭಾವು ಮತ್ತು ಹರಿಪಂತ ಫಡಕೆ ಇವರ ದೊಡ್ಡ ಸೈನ್ಯಗಳು ಹಿಂದೆಯೇ ಬರುತ್ತಿದ್ದುವು. ಅವರ ಜೊತೆಯಲ್ಲಿ ಧಾನ್ಯದಿಂದ ತುಂಬಿದ ಬಜಾರವಿತ್ತು, ಎತ್ತುಗಳಿದ್ದುವು. ಹಸಿದ ಪಾಳೆಯಕ್ಕೆ ಆ ಬಜಾರವು ಎಂತಹ ಅದ್ಭುತವಾಗಿ ಕಂಡಿತೆಂಬುದನ್ನು ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ತನ್ನ ಚರಿತ್ರೆಯಲ್ಲಿ ವಿಸ್ತಾರವಾಗಿ ವರ್ಣಿಸಿದ್ದಾನೆ. ಕಾಶ್ಮೀರದ ಶಾಲಿನಿಂದ ಇಂಗ್ಲೆಂಡಿನ ಚೂರಿಯವರೆಗೆ ಅಲ್ಲಿ ಸಿಕ್ಕದ ವಸ್ತುವಿರಲಿಲ್ಲ; ಬೆಲೆ ಮಾತ್ರ ದುಬಾರಿ. ಇಷ್ಟು ದೊಡ್ಡ ಮಿತ್ರಸೈನ್ಯವು ಹತ್ತಿರ ಬರುತ್ತಿದ್ದ ಸುಳಿವೇ ಕಾರ್ನ್‌ವಾಲಿಸನಿಗೆ ಇರಲಿಲ್ಲ. ನಡುವೆ ಸುಳಿದಾಡುತ್ತಿದ್ದ ಮೈಸೂರಿನ ಲಘು ರಾವುತರು ಬಂದ ಹರಿಕಾರರನ್ನೆಲ್ಲ ಹಿಡಿದುಹಾಕಿದ್ದರು.

೩

ಈಗ ನಮ್ಮ ತರ್ಕವನ್ನು ಪ್ರಯೋಗಿಸೋಣ. ಮೊದಲು ವಾರ್ತೆಯ ವಿಷಯ.

ತೋಪುಗಳನ್ನು ಒಡೆದುದು ೨೨ರಂದು. ಮರಾಠರು ಕಾಣಿಸಿಕೊಂಡುದು ಪಾಳೆಯ ಎದ್ದ ಮೇಲೆ. ನಡುವಿನ ಅಂತರ ನಾಲ್ಕೈದು ದಿನ. ಇಂದು ಒಬ್ಬ ಲಾರಿ ಚಾಲಕನ ಜೇಬಿನಲ್ಲಿರುವ ಮೊಬೈಲು ಅಂದು ಪರಶುರಾಮ ಭಾವುವಿನ ಕೈಯಲ್ಲಿದ್ದು, ‘ನಾಲ್ಕು ದಿನ ತಾಳಿರಿ, ಬರುತ್ತಿದ್ದೇವೆ’ ಎಂಬ ಒಂದು ಮಾತು ಬಂದಿದ್ದರೆ ಆ ತೋಪುಗಳು ಉಳಿಯುತ್ತಿದ್ದುವು. ಮರಾಠರ ಎತ್ತುಗಳಿಂದ ಅವನ್ನು ಬೆಂಗಳೂರಿಗಾದರೂ ಎಳೆಸಬಹುದಾಗಿತ್ತು. ಹಸಿವಿನಿಂದ ಸತ್ತ ಎಷ್ಟೋ ಜೀವಗಳು ಬದುಕುತ್ತಿದ್ದುವು. ಇಷ್ಟರ ಮಟ್ಟಿಗೆ ಯಂತ್ರದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಆದರೆ ವಾರ್ತೆಯ ಬೆಲೆಯನ್ನು ಮೇ ೨೨ರ ದಿನದಲ್ಲಿ ಅಳೆಯುವುದು ಸಾಲದು. ಸೈನ್ಯವು ಬೆಂಗಳೂರನ್ನು ಬಿಟ್ಟ ದಿನದಲ್ಲಿ ಅಳೆಯಬೇಕು. ಪರಶುರಾಮ ಭಾವುವು ೧೭೯೦ರ ಸೆಪ್ಟೆಂಬರಿನಿಂದ ಧಾರವಾಡದ ಕೋಟೆಯನ್ನು ಮುತ್ತಿದ್ದನು. ಬದ್ರುಜ್ಜಮಾನ್ ಖಾನನು ಆ ಕೋಟೆಯನ್ನು ಆರು ತಿಂಗಳಿಗೂ ಮೇಲ್ಪಟ್ಟು ಕಾದು, ೧೭೯೧ರ ಏಪ್ರಿಲಿನಲ್ಲಿ ಒಪ್ಪಿಸಿದನು. ಧಾರವಾಡದಿಂದ ಶ್ರೀರಂಗಪಟ್ಟಣಕ್ಕೆ ದೊಡ್ಡ ಸೈನ್ಯವು ಬಂದು ಸೇರಲು ಎಷ್ಟು ದಿನ ಬೇಕೆಂಬುದನ್ನು ಲೆಕ್ಕ ಹಾಕಿದ್ದರೆ, ಅರಕೆರೆಗೆ ಮೇ ನಡುವಿನಲ್ಲಿ ಒಬ್ಬಂಟಿಗನಾಗಿಯೇ ಹೋಗಬೇಕಾದೀತೆಂದು ತಿಳಿಯುತ್ತಿತ್ತು. ಪೂರ್ಣವಾದ ವಾರ್ತೆಯು ಬಂದಿದ್ದ ಪಕ್ಷದಲ್ಲಿ ಅದು ಹೇಳುತ್ತಿದ್ದ ಬುದ್ಧಿಯು ‘ತಾಳು’ ಎಂಬುದಲ್ಲ, ‘ಹೊರಡಬೇಡ’ ಎಂಬುದು. ಮಳೆಗಾಲವು ಹತ್ತಿರ ಬಂದಿತ್ತು, ಯುದ್ಧದ ವೆಚ್ಚವು ಏರುತ್ತಿತ್ತು, ಬೇಗನೆ ಮುಗಿಸಬೇಕೆಂಬ ಆತುರವಿತ್ತು. ಆತುರವುಳ್ಳವನು ಅನುಕೂಲವಾದ ವಾರ್ತೆಯನ್ನು ನಂಬುತ್ತಾನೆ, ಪ್ರತಿಕೂಲವಾದುದನ್ನು ಬದಿಗಿಡುತ್ತಾನೆ. ಇದಕ್ಕೆ ಅಂದೂ ಮದ್ದಿರಲಿಲ್ಲ, ಇಂದೂ ಇಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಸಾಧನಗಳು ಒಂದೇ ಪಕ್ಷಕ್ಕೆ ದೊರೆತುವೆಂದು ಭಾವಿಸುವುದು ನ್ಯಾಯವಲ್ಲ. ವಾರ್ತಾವ್ಯವಸ್ಥೆಯಲ್ಲಿ ಮೈಸೂರು ಅಂದು ಹಿಂದುಳಿದಿರಲಿಲ್ಲ. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಕಾಲದಿಂದ ಬಂದ ಅಂಚೆಯು ಹೈದರಾಲಿಯ ಕೈಯಲ್ಲಿ ಗೂಢಚಾರರ ಜಾಲವೂ ಆಗಿತ್ತು. ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೂ ಮೈಸೂರಿನ ಅಂಚೆಯು ಪ್ರತ್ಯೇಕವಾಗಿಯೇ ನಡೆಯಿತು. ಮೊಬೈಲು ಇದ್ದಿದ್ದರೆ ಅದನ್ನು ಕದ್ದು ಕೇಳುವ ಉಪಾಯವೂ, ಅದರ ಬಾಯಿ ಕಟ್ಟುವ ಉಪಾಯವೂ ಶ್ರೀರಂಗಪಟ್ಟಣದಲ್ಲಿ ಇದ್ದೇ ಇರುತ್ತಿದ್ದುವು. ಹರಿಕಾರನನ್ನು ಹಿಡಿಯುವ ರಾವುತನ ಕೆಲಸವನ್ನು ಬೇರೊಬ್ಬನು ಬೇರೆ ರೀತಿಯಲ್ಲಿ ಮಾಡುತ್ತಿದ್ದನು.

೪

ಎರಡನೆಯದು ಲೆಕ್ಕದ ವಿಷಯ. ಇದು ವಾರ್ತೆಗಿಂತ ಗಹನವಾದುದು.

ಒಂದು ಸುಲಭವಾದ ಲೆಕ್ಕವನ್ನು ನೋಡೋಣ. ಒಂದು ಹೇರೆತ್ತು ೭೦ ಸೇರು ಅಕ್ಕಿಯನ್ನು ಹೊರುವುದೆಂದೂ, ಆಳಿಗೆ ದಿನಕ್ಕೆ ಒಂದು ಸೇರು ಬೇಕೆಂದೂ ಇಟ್ಟುಕೊಳ್ಳೋಣ. ಸಿಪಾಯಿ, ರಾವುತ, ಆಳು, ಅಡಿಗೆಯವ, ಹೆಂಗಸು, ಮಗು ಎಲ್ಲ ಸೇರಿ ೭೦,೦೦೦ ಬಾಯಿಗಳುಳ್ಳ ಪಾಳೆಯಕ್ಕೆ ದಿನವೊಂದಕ್ಕೆ ೧,೦೦೦ ಎತ್ತಿನ ಹೇರು ಬೇಕು. ತಿಂಗಳಿಗೆ ೩೦,೦೦೦ ಎತ್ತು. ಈ ಎತ್ತುಗಳೂ ತಿನ್ನಬೇಕು. ದಾರಿಯಲ್ಲಿ ಹುಲ್ಲು ಸಿಕ್ಕಿದರೆ ಸರಿ. ಸಿಕ್ಕದೆ, ಎತ್ತು ತನ್ನ ಮೇವನ್ನು ತಾನೇ ಹೊರಬೇಕಾಗಿ ಬಂದು, ದಿನಕ್ಕೆ ಐದು ಸೇರಿನ ತೂಕವನ್ನು ತಿಂದಿತೆಂದರೆ, ಹದಿನಾಲ್ಕು ದಿನಕ್ಕೆ ತಾನು ಹೊತ್ತ ಹೊರೆಯನ್ನೆಲ್ಲ ತಾನೇ ತಿಂದು ಮುಗಿಸುತ್ತದೆ. ಸಿಪಾಯಿಗೆ ಒಂದು ಹಿಡಿಯೂ ಉಳಿಯುವುದಿಲ್ಲ. ಟಿಪ್ಪುವು ಹುಲ್ಲಿಗೆ ಬೆಂಕಿಯಿಟ್ಟುದರ ಅರ್ಥ ಇದು. ಎತ್ತಿಗೆ ಹಸಿವೆಯುಂಟುಮಾಡಿ ತೋಪನ್ನು ನಿಲ್ಲಿಸಿದನು.

ನಮ್ಮ ಪೂರ್ವಿಕರಿಗೆ ಈ ಗಣಿತವು ತಿಳಿಯದೆ ಇರಲಿಲ್ಲ. ಸೈನ್ಯವು ಹೊರಡುವುದಕ್ಕೆ ಮೊದಲು ದಾರಿಯಲ್ಲಿರುವ ಊರು ಕಾಡುಗಳಲ್ಲಿ ಹುಲ್ಲು, ಸೌದೆ, ನೀರು ಎಷ್ಟಿದೆ ಎಂದು ಎಣಿಸಿ ತಂಗುವ ಎಡೆಗಳನ್ನು ನಿಶ್ಚಯಿಸಬೇಕೆಂದೂ, ಬೇಕಾದುದಕ್ಕೆ ಇಮ್ಮಡಿಯಾಗಿ ಆಹಾರವನ್ನು ಸಾಗಿಸಬೇಕೆಂದೂ ಕೌಟಿಲ್ಯನು ವಿಧಿಸಿದ್ದಾನೆ. ಅರಸನ ಗೋವುಗಳ ಅಧ್ಯಕ್ಷನು ಒಂದೊಂದು ದನದ ಬರೆಯ ಗುರುತು, ಹುಟ್ಟು ಮಚ್ಚೆ, ಬಣ್ಣ, ಕೊಂಬುಗಳ ಆಕಾರ ಇವನ್ನು ಕಡತದಲ್ಲಿ ಬರೆಯಿಸಬೇಕೆಂಬ ವಿಧಿಯೂ ಅಲ್ಲಿದೆ. ಬಹುಕಾಲ ಕಣ್ಮರೆಯಾಗಿದ್ದ ಆ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಓಲೆಯಿಂದ ಸಂಪಾದಿಸಿ ೧೯೦೯ರಲ್ಲಿ ಲೋಕಕ್ಕೆ ಕೊಟ್ಟವರು ಪಂಡಿತ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಈಗ ನಮ್ಮ ಹಳ್ಳಿಗಳಲ್ಲಿ ದನದ ಕಿವಿಗೆ ಹನ್ನೆರಡು ಅಂಕೆಗಳುಳ್ಳ ಹಳದಿ ಬಿಲ್ಲೆಯನ್ನು ಹಾಕಿ ಗಣಕದಲ್ಲಿ ಬರೆದಿಡುತ್ತಾರಷ್ಟೆ. ಸಾಧನವು ಹೊಸದಾದರೂ ವಿಧಿಯು ಹಳೆಯದು.

ಮೈಸೂರಿನಲ್ಲಿ ಈ ವಿಧಿಯು ಆಚರಣೆಯಲ್ಲಿಯೂ ಇತ್ತು. ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸಲೆಂದು ಇಟ್ಟ ಬೆಣ್ಣೆ ಚಾವಡಿಯು ಹೈದರನ ಕಾಲಕ್ಕೆ ಸೈನ್ಯದ ಎತ್ತುಗಳನ್ನು ಬೆಳೆಸುವ ಇಲಾಖೆಯಾಯಿತು. ಟಿಪ್ಪುವು ಅದಕ್ಕೆ ಅಮೃತ ಮಹಲೆಂಬ ಹೆಸರಿಟ್ಟು ನಿಬಂಧನೆಗಳನ್ನು ಬರೆಯಿಸಿದನು. ಬೇಸಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂಬಂತೆ ಕಾವಲುಗಳು ಗೊತ್ತಾಗಿದ್ದುವು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ತಳಿಗಳು ಪ್ರಸಿದ್ಧವಾಗಿದ್ದುವು. ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ಸಹಾಯಕ್ಕೆ ಹೋದನೆಂದು ಮೈಸೂರು ಗೆಜೆಟಿಯರು ಹೇಳುವುದೂ, ಸೋತಾಗಲೆಲ್ಲ ಶತ್ರುವಿನ ಕಣ್ಣೆದುರಿನಲ್ಲಿಯೇ ತೋಪುಗಳನ್ನು ಎಳೆದುಕೊಂಡು ಹೋದುದೂ ಈ ಎತ್ತುಗಳ ಬಲದಿಂದ. ಮದರಾಸಿನ ಸೈನ್ಯವಾದರೋ ತನ್ನ ಎತ್ತುಗಳನ್ನು ಬಹುಮಟ್ಟಿಗೆ ಗುತ್ತಿಗೆದಾರರಿಂದ ಬಾಡಿಗೆಗೆ ಪಡೆಯುತ್ತಿತ್ತು. ಗುತ್ತಿಗೆದಾರನಿಗೆ ಬೇಕಾದುದು ಎಣಿಕೆ. ತೋಪಿಗೆ ಬೇಕಾದುದು ಕಸುವು. ಬಡಕಲು ಎತ್ತನ್ನೂ ಬಲಿಷ್ಠ ಎತ್ತನ್ನೂ ಪಟ್ಟಿಯು ಒಂದೆಂದೇ ಎಣಿಸುತ್ತದೆ. ಇಂದಿನ ಬಿಲ್ಲೆಯನ್ನು ಆ ಎತ್ತುಗಳ ಕಿವಿಗೆ ಹಾಕಿದ್ದರೆ ಎಷ್ಟು ಇವೆ, ಎಲ್ಲಿ ಇವೆ, ಎಷ್ಟು ಸತ್ತುವು ಎಂಬುದು ಗಳಿಗೆಗಳಿಗೆಗೂ ತಿಳಿಯುತ್ತಿತ್ತು. ಸಾಯುವುದು ಮಾತ್ರ ನಿಲ್ಲುತ್ತಿರಲಿಲ್ಲ.

ಲೆಕ್ಕದ ಸಾಧನಗಳು ಬಂದಮೇಲೆಯೂ ಸೈನ್ಯಗಳು ಲೆಕ್ಕ ತಪ್ಪಿದುದಕ್ಕೆ ಹತ್ತಿರದ ದೃಷ್ಟಾಂತವಿದೆ. ಸರಕನ್ನು ಒಂದೇ ಅಳತೆಯ ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬಿ ಹಡಗು, ರೈಲು, ಲಾರಿಗಳಿಗೆ ಹಾಗೆಯೇ ದಾಟಿಸುವ ಕಂಟೇನರ್ ಪದ್ಧತಿಯನ್ನು ಅಮೆರಿಕದ ಲಾರಿ ವ್ಯಾಪಾರಿ ಮಾಲ್ಕಮ್ ಮೆಕ್ಲೀನನು ೧೯೫೬ರಲ್ಲಿ ನಡೆಸಿ ತೋರಿಸಿದನು. ವ್ಯಾಪಾರದ ರೂಪವೇ ಬದಲಾಯಿತು. ಕನ್ನಂಬಾಡಿಯ ಘಟನೆಗೆ ಸರಿಯಾಗಿ ಇನ್ನೂರು ವರ್ಷಗಳಾದ ೧೯೯೧ರಲ್ಲಿ, ಕೊಲ್ಲಿ ಯುದ್ಧಕ್ಕಾಗಿ ಅಮೆರಿಕದ ಸೈನ್ಯವು ಇಂತಹ ಸುಮಾರು ೪೦,೦೦೦ ಪೆಟ್ಟಿಗೆಗಳನ್ನು ಮರುಭೂಮಿಗೆ ಕಳುಹಿಸಿತು. ಒಳಗೆ ಏನಿದೆ ಎಂಬುದು ಹೊರಗಿನಿಂದ ತಿಳಿಯದೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಂದರಿನಲ್ಲಿ ಬಿಚ್ಚಿ ನೋಡಬೇಕಾಯಿತು. ಸರಕು ಬೆಟ್ಟದಂತೆ ಬಿದ್ದಿದ್ದರೂ ಬೇಕಾದವನಿಗೆ ಬೇಕಾದುದು ಸಿಕ್ಕಲಿಲ್ಲ. ಆಮೇಲೆ ಪೆಟ್ಟಿಗೆಗಳಿಗೆ ರೇಡಿಯೋ ಬಿಲ್ಲೆಗಳನ್ನು ಕಟ್ಟುವ ಏರ್ಪಾಟು ಬಂದಿತು. ೧೭೯೧ರಲ್ಲಿ ಹೇರು ಸಾಲದೆ ಹೋಯಿತು. ೧೯೯೧ರಲ್ಲಿ ಹೇರು ಹೆಚ್ಚಾಗಿ ಗುರುತು ಸಾಲದೆ ಹೋಯಿತು.

೫

ಹಾಗಾದರೆ ಕಾರ್ನ್‌ವಾಲಿಸನ ಕಷ್ಟಕ್ಕೆ ಪರಿಹಾರವೇ ಇರಲಿಲ್ಲವೆ? ಇದ್ದಿತು, ಒಂಬತ್ತು ತಿಂಗಳೊಳಗೆ ಅವನೇ ಅದನ್ನು ಕಂಡುಕೊಂಡನು. ಅದು ಯಂತ್ರದಿಂದ ಬಂದುದಲ್ಲ, ವ್ಯಾಪಾರದಿಂದ ಬಂದುದು.

ನಮ್ಮ ಸೀಮೆಯಲ್ಲಿ ಲಂಬಾಣಿಗಳೆಂದೂ ಉತ್ತರದಲ್ಲಿ ಬಣಜಾರರೆಂದೂ ಹೆಸರಾದ ಜನರು ಅಂದಿನ ಕಾಲದ ದೊಡ್ಡ ಸಾಗಣೆದಾರರು. ಹೆಂಡತಿ ಮಕ್ಕಳೊಡನೆ, ನಾಯಕನ ಮಾತಿನಂತೆ, ಸಾವಿರಾರು ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ತಾಂಡತಾಂಡವಾಗಿ ನಡೆಯುತ್ತಿದ್ದರು. ಯುದ್ಧಮಾಡುವ ಎರಡು ಪಕ್ಷದವರಿಗೂ ಇವರು ಬೇಕಾದವರು. ಆದುದರಿಂದ ಇವರನ್ನು ಕೊಳ್ಳೆಹೊಡೆಯುವುದು ಬುದ್ಧಿವಂತರ ಕೆಲಸವಾಗಿರಲಿಲ್ಲ. ಇವರು ಯಾರ ಸಂಬಳಗಾರರೂ ಅಲ್ಲ. ಬೆಲೆ ಸರಿಯಾಗಿ ಸಲ್ಲುವ ಕಡೆಗೆ, ಮಾತು ನಿಲ್ಲುವ ಕಡೆಗೆ ಹೋಗುವವರು. ಕ್ಯಾಪ್ಟನ್ ಅಲೆಗ್ಜಾಂಡರ್ ರೀಡ್ ಎಂಬ ಅಧಿಕಾರಿಯು ದೇಶಭಾಷೆಗಳನ್ನು ಬಲ್ಲವನು. ಗೂಢಚಾರರ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದವನು. ಇವನ ಮೂಲಕ ಬಣಜಾರರೊಡನೆ ಕರಾರಾಯಿತು: ಧಾನ್ಯವನ್ನು ತರಲಿ, ತಂದುದನ್ನು ಹಣಕೊಟ್ಟು ಕೊಳ್ಳುತ್ತೇವೆ ಎಂದು. ಎತ್ತನ್ನು ಬಾಡಿಗೆಗೆ ಹಿಡಿದು ತಾನೇ ಹೊಡೆದುಕೊಂಡು ಹೋಗುವುದಕ್ಕೆ ಬದಲಾಗಿ, ಎತ್ತನ್ನು ಸಾಕಬಲ್ಲವನಿಗೇ ಸಾಗಣೆಯನ್ನು ಬಿಟ್ಟುದು ಇದರ ಮರ್ಮ. ತನ್ನ ಎತ್ತು ಸತ್ತರೆ ತನ್ನ ಮನೆ ಹಾಳೆಂದು ಬಲ್ಲ ಲಂಬಾಣಿಯು ಎಲ್ಲಿ ಹುಲ್ಲಿದೆ, ಎಲ್ಲಿ ನೀರಿದೆ ಎಂಬುದನ್ನು ಯಾವ ಉಪಗ್ರಹಕ್ಕೂ ಕಡಮೆಯಿಲ್ಲದಂತೆ ಅರಿತಿದ್ದನು.

ಇದರ ಜೊತೆಗೆ ದಾರಿಯನ್ನು ಭದ್ರಪಡಿಸುವ ಕೆಲಸವೂ ನಡೆಯಿತು. ಜುಲೈಯಲ್ಲಿ ಹೊಸೂರು, ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಹೀಗೆ ಒಂದೊಂದಾಗಿ ಬೆಟ್ಟದ ಕೋಟೆಗಳು ಇಂಗ್ಲಿಷರ ವಶವಾದುವು. ಹೇರುಗಳು ನಿರ್ಭಯವಾಗಿ ಬರತೊಡಗಿದುವು. ೧೭೯೨ರ ಫೆಬ್ರವರಿಯಲ್ಲಿ ಅದೇ ಸೇನಾಪತಿ, ಅದೇ ಕೋಟೆ, ಅದೇ ಶತ್ರು. ಆದರೆ ಹೊಟ್ಟೆ ತುಂಬಿದ ಸೈನ್ಯ. ೬ನೆಯ ತಾರೀಖಿನ ರಾತ್ರಿ ದಾಳಿಯಾಯಿತು. ಒಡಂಬಡಿಕೆಯಾಗಿ ಟಿಪ್ಪುವು ಅರ್ಧ ರಾಜ್ಯವನ್ನೂ ೩ ಕೋಟಿ ೩೦ ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದನು. ಅರಕೆರೆಯಲ್ಲಿ ಗೆದ್ದವನಿಗೆ ಆಗದೆ ಹೋದ ಕಾರ್ಯವು ಮೂಟೆಯ ಲೆಕ್ಕವನ್ನು ಸರಿಪಡಿಸಿದವನಿಗೆ ಆಯಿತು. ೧೭೯೯ರ ನಂತರ ಅಮೃತ ಮಹಲಿನ ದನಗಳೂ ಇಂಗ್ಲಿಷರ ಕೈಗೆ ಬಂದುವು. ೧೮೦೩ರಲ್ಲಿ ಮರಾಠರ ಮೇಲೆ ಹೋದ ಆರ್ಥರ್ ವೆಲ್ಲೆಸ್ಲಿಯ ಬೇಗದ ನಡಗೆಗೆ ಅವು ಆಧಾರವಾದುವು. ಟಿಪ್ಪುವಿನ ಇಲಾಖೆಯು ಟಿಪ್ಪುವನ್ನು ಗೆದ್ದವರ ಸೇವೆಗೆ ಸಂದಿತು. ಸಾಧನಕ್ಕೆ ಸ್ವಾಮಿಭಕ್ತಿಯಿಲ್ಲ.

ವ್ಯಾಪಾರ ಮತ್ತು ಯುದ್ಧ ಇವೆರಡರ ಸಾಧನಗಳನ್ನು ಬೇರೆ ಬೇರೆಯೆಂದು ಎಣಿಸುವುದೂ ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ. ಲಂಬಾಣಿಯ ವ್ಯಾಪಾರವು ಸೈನ್ಯಕ್ಕೆ ಹೋಯಿತು. ನಮ್ಮ ಕಾಲದಲ್ಲಿ ಸೈನ್ಯದ ಸಾಧನವು ವ್ಯಾಪಾರಕ್ಕೆ ಬಂದಿದೆ. ಲಾರಿಯ ಜಾಡು ಹಿಡಿಯುವ ಜಿ.ಪಿ.ಎಸ್. ಎಂಬುದು ೧೯೭೩ರಲ್ಲಿ ಅಮೆರಿಕದ ಸೈನ್ಯದ ಯೋಜನೆಯಾಗಿ ಹುಟ್ಟಿತು. ಇರುವ ಸಾಮಗ್ರಿಯನ್ನು ಹಂಚುವ ಅತ್ಯುತ್ತಮ ಕ್ರಮವನ್ನು ಕಂಡುಹಿಡಿಯುವ ಗಣಿತವಿಧಾನವನ್ನು ಜಾರ್ಜ್ ಡಾಂಟ್ಸಿಗನು ೧೯೪೭ರಲ್ಲಿ ಅಲ್ಲಿನ ವಾಯುಸೇನೆಯ ಯೋಜನೆಗಳಿಗಾಗಿ ರಚಿಸಿದನು. ಅದೇ ಗಣಿತವು ಇಂದು ಕಾರ್ಖಾನೆಗಳಲ್ಲಿಯೂ ಸರಕು ಸಾಗಣೆಯ ಕಚೇರಿಗಳಲ್ಲಿಯೂ ಕೆಲಸಮಾಡುತ್ತಿದೆ. ಆದುದರಿಂದ ‘ವ್ಯಾಪಾರದ ಸಾಧನವು ಯುದ್ಧದ ಸಮಸ್ಯೆಯನ್ನು ಬಿಡಿಸುತ್ತಿತ್ತೆ’ ಎಂಬ ಪ್ರಶ್ನೆಗೆ, ಅಂದಿನ ವ್ಯಾಪಾರವೇ ಅಂದಿನ ಸಮಸ್ಯೆಯನ್ನು ಬಿಡಿಸಿತು ಎಂದು ಉತ್ತರ ಹೇಳಬೇಕಾಗುತ್ತದೆ.

೬

ಇನ್ನು ಉಳಿದುದು ಒಂದು ವಿಷಯ. ಕನ್ನಂಬಾಡಿಯ ಪಾಳೆಯದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ನವೆದವರು ಸಿಪಾಯಿಗಳಲ್ಲ. ಸಿಪಾಯಿಗೆ ಇಳಿಸಿದ ಪಡಿಯಾದರೂ ಪಡಿ ಇತ್ತು. ದಂಡಿನ ಹಿಂದೆ ಬಂದ ಹುಲ್ಲು ಕೊಯ್ಯುವವರು, ಎತ್ತಿನಾಳುಗಳು, ಸಾಮಾನು ಹೊರುವವರು, ಅವರ ಹೆಂಡಿರು ಮಕ್ಕಳು ಬಜಾರಿನಲ್ಲಿ ಕೊಂಡು ತಿನ್ನಬೇಕಾದವರು. ಬಜಾರಿನಲ್ಲಿ ಧಾನ್ಯವು ಮುಗಿದಾಗ ಅವರಿಗೆ ಯಾವ ಉಗ್ರಾಣವೂ ತೆರೆಯಲಿಲ್ಲ. ಏಕೆಂದರೆ ಅವರ ಹೆಸರು ಪಡಿಯ ಪಟ್ಟಿಯಲ್ಲಿಯೇ ಇರಲಿಲ್ಲ. ಒಡೆದ ತೋಪುಗಳ ಲೆಕ್ಕವು ಸರಕಾರದ ಕಡತದಲ್ಲಿ ಸಿಕ್ಕುತ್ತದೆ. ಸತ್ತ ಈ ಜನರ ಲೆಕ್ಕವು ಅಲ್ಲಿಲ್ಲ. ಬೆಂಕಿಬಿದ್ದ ಹಳ್ಳಿಗಳನ್ನು ಬಿಟ್ಟು ಕಾಡುಪಾಲಾದ ನಮ್ಮ ರೈತರ ಲೆಕ್ಕವನ್ನು ಎರಡು ಪಕ್ಷದವರೂ ಇಡಲಿಲ್ಲ.

ಇಂದಿನ ಯಂತ್ರವು ಅಲ್ಲಿ ಇದ್ದಿದ್ದರೆ ಈ ಜನರು ಉಳಿಯುತ್ತಿದ್ದರೆ? ಪಟ್ಟಿಯನ್ನು ಬರೆಯುವವನು ಅವರನ್ನು ಸೇರಿಸಿದ್ದ ಪಕ್ಷದಲ್ಲಿ ಉಳಿಯುತ್ತಿದ್ದರು. ಸೇರಿಸದೆ ಇದ್ದಿದ್ದರೆ ಯಂತ್ರವು ಅವರಿಲ್ಲದ ಲೆಕ್ಕವನ್ನು ಇನ್ನೂ ಬೇಗನೆ, ಇನ್ನೂ ಅಚ್ಚುಕಟ್ಟಾಗಿ ಒಪ್ಪಿಸುತ್ತಿತ್ತು. ಯಾರನ್ನು ಎಣಿಸಬೇಕೆಂಬುದನ್ನು ಗಣಕಯಂತ್ರವು ನಿರ್ಣಯಿಸುವುದಿಲ್ಲ. ಅದು ಧರ್ಮದ ಪ್ರಶ್ನೆ. ನಮ್ಮ ಊರುಗಳಲ್ಲಿ ಪಡಿ, ಪಿಂಚಣಿ, ಪರಿಹಾರ ಎಲ್ಲವೂ ಯಂತ್ರದ ಪಟ್ಟಿಯ ಮೇಲೆ ನಿಂತಿರುವ ಈ ಕಾಲದಲ್ಲಿ ೧೭೯೧ರ ಈ ಪಾಠವನ್ನು ಓದಿದವರು ಮನಸ್ಸಿಗೆ ತಂದುಕೊಳ್ಳುವುದು ಉಚಿತ.

ಕಡೆಯದಾಗಿ ಒಂದು ವಿಜ್ಞಾಪನೆ. ಈ ಯುದ್ಧದ ವೃತ್ತಾಂತವನ್ನು ನಾವು ತಿಳಿಯುವುದು ಬಹುಮಟ್ಟಿಗೆ ಡಿರೋಮ್, ವಿಲ್ಕ್ಸ್ ಮೊದಲಾದ ಇಂಗ್ಲಿಷ್ ಅಧಿಕಾರಿಗಳ ಪುಸ್ತಕಗಳಿಂದ. ಅರಕೆರೆ, ಚಿನಕುರಳಿ, ಮೇಲುಕೋಟೆ, ಕನಕಪುರ ಈ ಸೀಮೆಗಳ ಹಳ್ಳಿಗಳಲ್ಲಿ ಆ ಮೇ ತಿಂಗಳಿನ ನೆನಪು ಹೊಲದ ಹೆಸರಿನಲ್ಲಿಯೋ, ಬಿದ್ದ ಕಲ್ಲಿನಲ್ಲಿಯೋ, ಮುದುಕರ ಮಾತಿನಲ್ಲಿಯೋ ಉಳಿದಿರುವುದು ಅಸಂಭವವಲ್ಲ. ಲಂಬಾಣಿ ತಾಂಡಗಳ ಹಿರಿಯರಿಗೆ ಹೇರಿನ ಕಾಲದ ದಾರಿಗಳ ವಿಷಯ ತಿಳಿದಿರಬಹುದು. ಅಮೃತ ಮಹಲಿನ ಕಾವಲುಗಳು ಒಂದೊಂದಾಗಿ ಕರಗಿಹೋಗುತ್ತಿವೆ. ಅವುಗಳ ಮೇರೆ, ಹೆಸರು, ಕಥೆಗಳನ್ನು ಬರೆದಿಡಬೇಕಾದ ಕಾಲವಿದು. ನಮ್ಮ ತರುಣರ ಜೇಬಿನಲ್ಲಿಯೇ ಧ್ವನಿಯನ್ನು ಹಿಡಿಯುವ, ಚಿತ್ರವನ್ನು ತೆಗೆಯುವ, ನಿಂತ ಸ್ಥಳವನ್ನು ಗುರುತಿಸುವ ಯಂತ್ರವಿದೆ. ರಜೆಯ ದಿನಗಳಲ್ಲಿ ಒಂದೊಂದು ಹಳ್ಳಿಗೆ ಹೋಗಿ, ಹಿರಿಯರ ಪಕ್ಕದಲ್ಲಿ ಕುಳಿತು, ಕೇಳಿದುದನ್ನು ಊರು, ಹೊಲ, ಹೇಳಿದವರ ವಯಸ್ಸು ಇವುಗಳೊಡನೆ ಬರೆದು ಈ ಪತ್ರಿಕೆಗೆ ಕಳುಹಿಸಿದರೆ, ಅಂದು ಲೆಕ್ಕಕ್ಕೆ ಬಾರದೆ ಹೋದವರಲ್ಲಿ ಕೆಲವರಾದರೂ ಚರಿತ್ರೆಯ ಲೆಕ್ಕಕ್ಕೆ ಸೇರುವರು.